ಖರಾಬು ಅಂತ ಬರೆದ ನೆಲದಲ್ಲಿ ವೆಲ್ವೆಟ್ ಇರುವೆ: ಎಣಿಸೋದಕ್ಕಿಂತ ಮೊದಲು ಗುರುತು ಹಿಡೀಬೇಕು

ಕುಷ್ಟಗಿ ಕಡೆ ಒಂದು ಮಡ್ಡಿ ಇದೆ, ಗರಸು ನೆಲ, ಅಲ್ಲಲ್ಲಿ ಬಾರಿ ಕಂಟಿ, ತಂಗಡಿ ಗಿಡ, ಮಳೆ ನೀರು ಕೊರೆದು ಬಿಟ್ಟ ಸಣ್ಣ ಸಣ್ಣ ದಂಡೆ, ಅಷ್ಟೇ. ಹೋದ ವರ್ಷ ಮುಂಗಾರು ಎರಡು ಮಳೆ ಆದ ಮೇಲೆ ಒಂದಿನ ಬೆಳಿಗ್ಗೆ ಅಲ್ಲಿ ಕೂತು ನೆಲ ನೋಡ್ತಾ ಇದ್ದೆ. ಒಂದು ಹುಳ ಸರಸರ ಅಂತ ಬಂತು, ಎದೆ ಭಾಗ ಇಟ್ಟಂಗಿ ಬಣ್ಣ, ಹೊಟ್ಟೆ ಕಪ್ಪು, ಹೊಟ್ಟೆ ಮೇಲೆ ಬಿಳಿ ಕೂದಲಿನ ಚುಕ್ಕಿ, ನಿಲ್ಲೋದೇ ಇಲ್ಲ, ಒಂದು ಬಿಲಕ್ಕೆ ತಲೆ ಹಾಕುತ್ತೆ, ಹೊರಗೆ ಬರುತ್ತೆ, ಇನ್ನೊಂದಕ್ಕೆ ಓಡುತ್ತೆ. ಫೋಟೋ ಸರಿಯಾಗಿ ಬರ್ಲಿಲ್ಲ ಅಂತ ಕೈಯಲ್ಲಿ ಒಂದು ಕಡ್ಡಿ ಹಿಡಿದು ತಡೆಯೋಕೆ ಹೋದೆ. ಹಿಂದೆ ಕುರಿ ಬಿಟ್ಕೊಂಡು ನಿಂತಿದ್ದ ಅಜ್ಜ ಕೂಗಿದ್ರು, "ಏ ತಮ್ಮಾ, ಮುಟ್ಟಬ್ಯಾಡೋ ಅದನ್ನ, ಅದು ಇರಬಿ ಅಲ್ಲ, ಕಡೀತಂದ್ರ ಹೊತ್ತು ಮುಣುಗೂತನಕ ಉರೀತೈತಿ."

ಅದು ಇರಬಿ ಅಲ್ಲ. ಈ ಹುಳದ ಬಗ್ಗೆ ಮೊದಲು ತಿಳ್ಕೋಬೇಕಾದ ಮಾತೇ ಇದು, ಅಜ್ಜ ಯಾವ ಪುಸ್ತಕನೂ ನೋಡದೆ ಹೇಳಿಬಿಟ್ರು. ಇಂಗ್ಲಿಷ್‌ನಲ್ಲಿ ಇದಕ್ಕೆ ವೆಲ್ವೆಟ್ ಆಂಟ್ ಅಂತಾರೆ, ನಾವೂ ಅದನ್ನೇ ವೆಲ್ವೆಟ್ ಇರುವೆ ಅಂತ ಮಾಡ್ಕೊಂಡಿದೀವಿ, ಆದ್ರೆ ಇದು ಕಣಜದ ಜಾತಿ. ಮ್ಯುಟಿಲಿಡೇ ಅನ್ನೋ ಕುಟುಂಬ, ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟ ಪ್ರಭೇದಗಳೇ 4,000ಕ್ಕೂ ಜಾಸ್ತಿ. ಹೆಣ್ಣಿಗೆ ರೆಕ್ಕೆ ಇಲ್ಲ, ಅದಕ್ಕೇ ನೆಲದ ಮೇಲೆ ಓಡಾಡುತ್ತೆ, ನೋಡಿದವರು ಇರುವೆ ಅಂದ್ಕೋತಾರೆ. ಗಂಡಿಗೆ ಸಾಮಾನ್ಯವಾಗಿ ರೆಕ್ಕೆ ಇರುತ್ತೆ, ಹಾರುತ್ತೆ, ಹೂವಿನ ಮೇಲೆ ಕೂರುತ್ತೆ, ಅದನ್ನ ನೋಡಿದ್ರೆ ಯಾರೂ ಇರುವೆ ಅನ್ನಲ್ಲ. ಗೂಡು, ರಾಣಿ, ಸಾಲು ಇವ್ಯಾವೂ ಇದಕ್ಕೆ ಇಲ್ಲ, ಪ್ರತಿ ಹೆಣ್ಣೂ ಒಂಟಿ.

ಹತ್ತಿರದಿಂದ ನೋಡಿದ್ರೆ ಗುರುತು ಸಿಗುತ್ತೆ. ಇರುವೆಯ ಮೀಸೆ ನಮ್ಮ ಮೊಣಕೈ ಮಡಚಿದ ಹಾಗೆ ಒಂದು ಕಡೆ ಗಟ್ಟಿಯಾಗಿ ಬಾಗಿರುತ್ತೆ, ಸೊಂಟದಲ್ಲಿ ಒಂದೋ ಎರಡೋ ಗಂಟು ಎದ್ದು ಕಾಣುತ್ತೆ. ವೆಲ್ವೆಟ್ ಇರುವೆಯ ಮೀಸೆಗೆ ಆ ಥರ ಉದ್ದ ಮೊಣಕೈ ಇಲ್ಲ, ಹೆಣ್ಣಿನ ಎದೆ ಭಾಗ ಒಂದೇ ಪೆಟ್ಟಿಗೆ ಥರ ಗಟ್ಟಿಯಾಗಿ ಬೆಸೆದಿರುತ್ತೆ, ಮೈ ಮೇಲೆ ದಟ್ಟ ಕೂದಲು. ಹೊಟ್ಟೆಯ ಎರಡನೇ ಪಟ್ಟಿಯ ಪಕ್ಕದಲ್ಲಿ ಉಣ್ಣೆ ಒತ್ತಿಟ್ಟ ಹಾಗೆ ಒಂದು ಸಣ್ಣ ಗೆರೆ ಇರುತ್ತೆ, ಅದು ಈ ಕುಟುಂಬದ ಒಳ್ಳೆ ಗುರುತು, ಆದ್ರೆ ಬರೀ ಕಣ್ಣಿಗೆ ಕಾಣಲ್ಲ, ಮೈಕ್ರೋಸ್ಕೋಪ್ ಬೇಕು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಿಬಿಡ್ತೀನಿ, ಯಾಕಂದ್ರೆ ನಾನು ಫೋಟೋ ಹಾಕಿದಾಗಲೆಲ್ಲ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ಮಿರಗದ (ಮೃಗಶಿರ) ಮಳೆ ಬಿದ್ದ ತಕ್ಷಣ ಹೊಲದಲ್ಲಿ ಕಡುಗೆಂಪು ಬಣ್ಣದ ಮೆತ್ತನೆ ಹುಳ ಬರುತ್ತಲ್ಲ, ನಾವೆಲ್ಲ ಚಿಕ್ಕವರಿದ್ದಾಗ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಇಟ್ಕೋತಿದ್ವಲ್ಲ, ಅದು ಬೇರೆ. ಅದಕ್ಕೆ ಎಂಟು ಕಾಲು, ಜೇಡದ ಸಂಬಂಧಿ, ಕುಟುಕಲ್ಲ, ಏನೂ ಮಾಡಲ್ಲ. ವೆಲ್ವೆಟ್ ಇರುವೆಗೆ ಆರು ಕಾಲು, ಮತ್ತೆ ಹೆಣ್ಣಿಗೆ ಉದ್ದನೆ ಮುಳ್ಳು. ಮಕ್ಕಳಿಗೆ ಇದನ್ನ ಹೇಳ್ಲೇಬೇಕು, ಆ ಕೆಂಪು ಹುಳ ಹಿಡಿದು ಅಭ್ಯಾಸ ಆದ ಮಗು ಇದನ್ನೂ ಹಿಡಿಯೋಕೆ ಹೋದ್ರೆ ಕಷ್ಟ.

ಕುಟುಕು ಎಷ್ಟು ಜೋರು ಅಂದ್ರೆ ಅಮೆರಿಕದಲ್ಲಿ ಒಂದು ದೊಡ್ಡ ಪ್ರಭೇದಕ್ಕೆ ಹಸು ಕೊಲ್ಲೋದು ಅಂತಲೇ ಹೆಸರು ಬಿದ್ದಿದೆ. ಜಸ್ಟಿನ್ ಶ್ಮಿಟ್ ಅನ್ನೋ ವಿಜ್ಞಾನಿ ಹುಳಗಳ ಕುಟುಕಿನ ನೋವಿಗೆ 1ರಿಂದ 4ರವರೆಗೆ ಅಳತೆ ಮಾಡಿದ್ರು, ಅದರಲ್ಲಿ ಇದಕ್ಕೆ 3 ಕೊಟ್ಟಿದ್ದಾರೆ. ನೋವು ಭಯಂಕರ, ಆದ್ರೆ ವಿಷ ಆ ಮಟ್ಟದ್ದಲ್ಲ, ಹಸು ಸಾಯೋದು ದೂರದ ಮಾತು. ಅಲರ್ಜಿ ಇರೋರು ಮಾತ್ರ ಯಾವ ಕಣಜ ಕುಟುಕಿದ್ರೂ ತಡ ಮಾಡದೆ ಡಾಕ್ಟರ್ ಹತ್ರ ಹೋಗ್ಬೇಕು. ಇದರ ಮೈ ಚಿಪ್ಪು ಕೂಡ ವಿಪರೀತ ಗಟ್ಟಿ, ಜೇನುಹುಳವನ್ನ ಜಜ್ಜೋಕೆ ಬೇಕಾದ ಬಲಕ್ಕಿಂತ ಸುಮಾರು 11 ಪಟ್ಟು ಬೇಕು ಅಂತ 1977ರಷ್ಟು ಹಿಂದೆಯೇ ಅಳೆದು ನೋಡಿದ್ದಾರೆ, ಮ್ಯೂಸಿಯಂನಲ್ಲಿ ಪಿನ್ ಚುಚ್ಚೋಕೆ ಹೋದ್ರೆ ಪಿನ್ನೇ ಬಗ್ಗುತ್ತೆ. ಯಾಕಿಷ್ಟು ಗಟ್ಟಿ ಅಂದ್ರೆ ಅದರ ಕೆಲಸವೇ ಅಂಥದ್ದು, ನೆಲದಲ್ಲಿ ಗೂಡು ಮಾಡೋ ಜೇನು, ಕಣಜಗಳ ಮನೆಗೆ ನುಗ್ಗಿ ಒಳಗೆ ಬೆಳೀತಿರೋ ಮರಿ ಮೇಲೆ ತನ್ನ ಮೊಟ್ಟೆ ಇಡುತ್ತೆ. ಆ ಮೊಟ್ಟೆಯಿಂದ ಬಂದ ಮರಿ ಮನೆಯವರ ಮರಿಯನ್ನ ತಿಂದು ಬೆಳೆಯುತ್ತೆ. ಮನೆಯವರು ಸುಮ್ನೆ ಬಿಡ್ತಾರಾ, ಕುಟುಕ್ತಾರೆ, ಕಚ್ತಾರೆ, ಅದನ್ನೆಲ್ಲ ತಡ್ಕೊಳ್ಳೋ ಚಿಪ್ಪು ಬೇಕು.

ಈಗ ಅಸಲು ವಿಷಯಕ್ಕೆ ಬರ್ತೀನಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಒಣ ನೆಲದಲ್ಲಿ ಈ ಹುಳ ಯಾವ್ಯಾವ ಪ್ರಭೇದ ಇದೆ, ಎಲ್ಲೆಲ್ಲಿ ಇದೆ ಅಂತ ಒಂದು ಸರ್ವೆ ಮಾಡೋಣ ಅಂತ ಹೊರಟ್ರೆ ಮೊದಲ ದಿನವೇ ಸಿಕ್ಕಿಹಾಕ್ಕೊಳ್ಳೋದು ಗಂಡು ಹೆಣ್ಣಿನ ವಿಷಯದಲ್ಲಿ. ನವಿಲಿನಲ್ಲಿ ಗಂಡಿಗೆ ಗರಿ ಇದೆ ಹೆಣ್ಣಿಗೆ ಇಲ್ಲ, ಆದ್ರೂ ನೋಡಿದ್ರೆ ಎರಡೂ ನವಿಲು ಅಂತ ಗೊತ್ತಾಗುತ್ತೆ. ಇಲ್ಲಿ ಹಾಗಿಲ್ಲ. ಒಂದಕ್ಕೆ ರೆಕ್ಕೆ, ಒಂದಕ್ಕಿಲ್ಲ, ಬಣ್ಣ ಬೇರೆ, ಎಷ್ಟೋ ಸಲ ಸೈಜೇ ಬೇರೆ, ಎದೆಯ ಆಕಾರ ಬೇರೆ, ಇರೋ ಜಾಗ ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಇವು ಗಂಡ ಹೆಂಡ್ತಿ ಅಂದ್ರೆ ಪ್ರಾಣಿಶಾಸ್ತ್ರ ಓದಿದವರೂ ನಂಬಲ್ಲ. ಗಂಡು ಯಾವುದು ಹೆಣ್ಣು ಯಾವುದು ಅಂತ ಹೇಳೋದು ಸುಲಭ, ಮೀಸೆಯ ತುಂಡು ಎಣಿಸಿದ್ರೆ ಸಾಕು, ಹೆಣ್ಣಿಗೆ 12, ಗಂಡಿಗೆ 13. ಈ ಗಂಡು ಯಾವ ಹೆಣ್ಣಿನದು ಅಂತ ಹೇಳೋದೇ ಕಷ್ಟ.

ಹಾಗಾಗಿ ನೂರಾರು ವರ್ಷದಿಂದ ಆಗಿದ್ದೇನು ಅಂದ್ರೆ, ಒಬ್ಬರಿಗೆ ಹೆಣ್ಣು ಸಿಕ್ತು, ಒಂದು ಹೆಸರಿಟ್ರು, ಇನ್ನೊಬ್ಬರಿಗೆ ಅದೇ ಪ್ರಭೇದದ ಗಂಡು ಸಿಕ್ತು, ಹೊಸ ಪ್ರಭೇದ ಅಂತ ಇನ್ನೊಂದು ಹೆಸರಿಟ್ರು. ಲಿನೇಯಸ್ 1758ರಲ್ಲಿ ಮ್ಯುಟಿಲಾ ಅನ್ನೋ ಕುಲ ಶುರು ಮಾಡಿದಾಗಿನಿಂದ ಇದೇ ಕಥೆ. ನಮ್ಮ ದೇಶದ್ದನ್ನ ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ 1897ರಲ್ಲಿ ಫೌನಾ ಆಫ್ ಬ್ರಿಟಿಷ್ ಇಂಡಿಯಾ ಅನ್ನೋ ಪ್ರಾಣಿಗಳ ಗ್ರಂಥಮಾಲೆಯ ಕಣಜ ಮತ್ತು ಜೇನಿನ ಸಂಪುಟದಲ್ಲಿ ಒಟ್ಟು ಹಾಕಿದ್ರು. ಆಮೇಲೆ ರಷ್ಯಾದ ಅರ್ಕಾಡಿ ಲೆಲೇಯ್ 2005ರಲ್ಲಿ ಭಾರತವೂ ಸೇರಿದ ಓರಿಯಂಟಲ್ ಪ್ರದೇಶಕ್ಕೆ ಪೂರ್ತಿ ಪಟ್ಟಿ ಮಾಡಿದ್ರು, ಹಳೇ ಹೆಸರು ಯಾವುದು ಯಾವುದಕ್ಕೆ ಸೇರುತ್ತೆ ಅಂತ ಜೋಡಿಸಿದ್ರು, ಆದ್ರೂ ಎಷ್ಟೋ ಪ್ರಭೇದ ಇವತ್ತಿಗೂ ಒಂದೇ ಲಿಂಗದಿಂದ ಮಾತ್ರ ಗೊತ್ತು. ಬ್ರಿಟಿಷರ ಕಾಲದಲ್ಲಿ ಹೆಸರಿಟ್ಟ ಬಹಳಷ್ಟು ಮೂಲ ಮಾದರಿಗಳು, ಅಂದ್ರೆ ಹೆಸರಿಡುವಾಗ ಆಧಾರವಾಗಿ ಇಟ್ಕೊಂಡ ಹುಳಗಳು, ಯೂರೋಪಿನ ಮ್ಯೂಸಿಯಂಗಳಲ್ಲಿವೆ. ಕುಷ್ಟಗಿ ಮಡ್ಡಿಯಲ್ಲಿ ಸಿಕ್ಕ ಹುಳ ಅದೇನಾ ಅಂತ ಖಾತ್ರಿ ಮಾಡ್ಕೋಬೇಕು ಅಂದ್ರೆ ಕೊನೆಗೆ ಅಲ್ಲಿಯ ಡಬ್ಬಿಯಲ್ಲಿರೋ ಒಂದು ಹುಳದ ಜೊತೆ ಹೋಲಿಸಿ ನೋಡ್ಬೇಕು.

ಜೋಡಿ ಹುಡುಕೋಕೆ ದಾರಿ ಇವೆ. ಎರಡೂ ಕೂಡಿರುವಾಗಲೇ ಸಿಕ್ರೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ, ಕೆಲವು ಪ್ರಭೇದಗಳಲ್ಲಿ ಗಂಡು ಹೆಣ್ಣನ್ನ ಎತ್ಕೊಂಡೇ ಹಾರುತ್ತೆ, ಆಗ ಬಲೆಗೆ ಎರಡೂ ಬೀಳುತ್ತೆ. ಎರಡನೇದು ಜೇನಿನ ಗೂಡು ಅಗೆದು ತಂದು ಡಬ್ಬಿಯಲ್ಲಿಟ್ಟು ಏನು ಹೊರಗೆ ಬರುತ್ತೆ ಅಂತ ಕಾಯೋದು, ಇದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಆದ್ರೆ ಯಾರ ಗೂಡಲ್ಲಿ ಬೆಳೆಯುತ್ತೆ ಅನ್ನೋದೂ ಜೊತೆಗೇ ತಿಳಿಯುತ್ತೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಬೆಲೆ ಇರೋ ಮಾಹಿತಿ. ಕೂಡದೇ ಇರೋ ಹೆಣ್ಣನ್ನ ಸಣ್ಣ ಜಾಲರಿಯಲ್ಲಿಟ್ರೆ ವಾಸನೆ ಹಿಡಿದು ಗಂಡು ಬರೋದೂ ಉಂಟು. ಕೊನೇದು ಡಿಎನ್‌ಎ. ಕೆನಡಾದ ಪಾಲ್ ಹೀಬರ್ಟ್ ತಂಡ 2003ರಲ್ಲಿ ಒಂದೇ ಸಣ್ಣ ಜೀನ್ ತುಂಡು ಓದಿ ಪ್ರಭೇದ ಗುರುತಿಸೋ ಬಾರ್‌ಕೋಡ್ ವಿಧಾನ ಮುಂದಿಟ್ರು, 2006ರಲ್ಲಿ ಅಮೆರಿಕದ ಯೂಟಾದಲ್ಲಿ ವೆಲ್ವೆಟ್ ಇರುವೆಯ ಗಂಡು ಹೆಣ್ಣು ಜೋಡಿಸೋಕೆ ಡಿಎನ್‌ಎ ವಿಧಾನ ತಂದ್ರು. ಒಂದು ಕಾಲು ಸಾಕು, ಹುಳ ಪೂರ್ತಿ ಹಾಗೇ ಉಳಿಯುತ್ತೆ.

ಯೂಟಾ ಅಂದ ತಕ್ಷಣ ಮರುಭೂಮಿ ನೆನಪಾಗ್ಬೇಕು. ಈ ಹುಳದ ಬಗ್ಗೆ ಒಳ್ಳೊಳ್ಳೆ ಕೆಲಸ ಆಗಿರೋದು ಅಮೆರಿಕದ ಸೊನೋರನ್, ಮೊಹಾವೆ ಮರುಭೂಮಿಗಳಲ್ಲಿ. ಅಲ್ಲಿ ಬೆಳ್ಳಗೆ ಉದ್ದ ಕೂದಲಿನ ಒಂದು ಪ್ರಭೇದ ಇದೆ, ಡಾಸಿಮ್ಯುಟಿಲಾ ಗ್ಲೋರಿಯೋಸಾ ಅಂತ, ಕ್ರಿಯೋಸೋಟ್ ಅನ್ನೋ ಪೊದೆಯ ಬಿಳಿ ಬೀಜ ಗಾಳಿಗೆ ಉರುಳ್ತಾ ಇದೆಯೇನೋ ಅನ್ನಿಸುತ್ತೆ. ಬಹಳ ವರ್ಷ ಎಲ್ಲರೂ ಹೇಳ್ತಿದ್ದಿದ್ದು ಅದೇ, ಬೀಜದ ವೇಷ ಹಾಕಿದೆ ಅಂತ. 2020ರಲ್ಲಿ ಯೂಟಾ ಸಂಶೋಧಕರು ಲೆಕ್ಕ ಹಾಕಿ ನೋಡಿದ್ರೆ ಆ ಪೊದೆ ಉತ್ತರ ಅಮೆರಿಕಕ್ಕೆ ಬರೋದಕ್ಕಿಂತ ಬಹಳ ಮೊದಲೇ ಈ ಹುಳಗಳಿಗೆ ಬಿಳಿ ಕೂದಲು ಬಂದಿತ್ತು, ಬಿಳಿ ಕೂದಲು ಬಿಸಿಲನ್ನ ವಾಪಸ್ ಎರಚಿ ಮೈ ತಂಪಾಗಿಡುತ್ತೆ. ನೋಡೋಕೆ ಹೋಲುತ್ತೆ ಅನ್ನೋ ಒಂದೇ ಕಾರಣಕ್ಕೆ ಕಥೆ ಕಟ್ಟಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದನ್ನ ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳ್ತೀನಿ.

ಇನ್ನೊಂದು ಕೆಲಸ ನಮ್ಮ ಸರ್ವೆಗೆ ನೇರವಾಗಿ ಬೇಕು. 2012ರಲ್ಲಿ ಡಾಸಿಮ್ಯುಟಿಲಾ ಕುಲದ 65 ಪ್ರಭೇದಗಳ ಬಣ್ಣ ಹೋಲಿಸಿದಾಗ ಅವೆಲ್ಲ ಬರೀ 6 ಗುಂಪಿಗೆ ಬಂದ್ವು, 2015ರಲ್ಲಿ 351 ಪ್ರಭೇದ ತಗೊಂಡು ನೋಡಿದ್ರೂ 8 ಗುಂಪು. ಅಂದ್ರೆ ಒಂದೇ ಸೀಮೆಯಲ್ಲಿರೋ ಬೇರೆ ಬೇರೆ ಪ್ರಭೇದಗಳು ಒಂದೇ ಯೂನಿಫಾರ್ಮ್ ಹಾಕ್ಕೊಂಡಿವೆ. ಒಂದನ್ನ ತಿನ್ನೋಕೆ ಹೋಗಿ ಕುಟುಕಿಸ್ಕೊಂಡ ಹಲ್ಲಿ ಆ ಬಣ್ಣದ ಯಾವುದನ್ನೂ ಮುಟ್ಟಲ್ಲ, ಲಾಭ ಎಲ್ಲದಕ್ಕೂ. ಹುಳಕ್ಕೆ ಲಾಭ ಆಯ್ತು, ಆದ್ರೆ ಫೋಟೋ ನೋಡಿ ಹೆಸರು ಹೇಳೋರಿಗೆ ನಷ್ಟ. ನಮ್ಮಲ್ಲೂ ಕೆಂಪು ಎದೆ, ಕಪ್ಪು ಹೊಟ್ಟೆ, ಬಿಳಿ ಚುಕ್ಕಿ ಇರೋ ಪ್ರಭೇದ ಒಂದೆರಡಲ್ಲ, ಬೇರೆ ಬೇರೆ ಕುಲದವೂ ಇವೆ. ಅದರ ಮೇಲೆ ದಕ್ಷಿಣ ಭಾರತದಲ್ಲಿ ಈ ಹುಳದ ವೇಷ ಹಾಕೋ ಒಂದು ನೆಲದ ಜೇಡ ಕೂಡ ಇದೆ, ಸೀನೋಪ್ಟಿಕಸ್ ಪುಲ್ಕರ್ ಅಂತ, ಕಾಲು ಎಣಿಸದೇ ಇದ್ರೆ ಮೋಸ ಹೋಗೋದು ಖಂಡಿತ. ಹಾಗಾಗಿ ಯಾರಾದ್ರೂ ಬರೀ ಬಣ್ಣ ನೋಡಿ ಇದು ಇಂಥದ್ದೇ ಪ್ರಭೇದ ಅಂತ ಖಡಾಖಂಡಿತ ಹೇಳಿದ್ರೆ ನಾನು ನಂಬಲ್ಲ. ಕುಟುಂಬ ಹೇಳ್ಲಿ, ಸಾಧ್ಯ ಆದ್ರೆ ಕುಲ ಹೇಳ್ಲಿ, ಅಲ್ಲಿಗೆ ನಿಲ್ಲಿಸೋದೇ ಪ್ರಾಮಾಣಿಕತೆ.

ಸರಿ, ಹೆಸರಿನ ಕಷ್ಟ ಒಂದು ಕಡೆ ಇರ್ಲಿ, ಎಣಿಸೋದು ಹೇಗೆ? ಮರುಭೂಮಿ ಸರ್ವೆಗಳಲ್ಲಿ ಬಳಸೋ ಸಾಮಾನು ಬಹಳ ದುಬಾರಿಯೇನಲ್ಲ. ನೆಲದ ಮಟ್ಟಕ್ಕೆ ಒಂದು ಪ್ಲಾಸ್ಟಿಕ್ ಲೋಟ ಹೂತಿಟ್ರೆ ಓಡಾಡೋ ಹುಳ ಬೀಳುತ್ತೆ, ಇದಕ್ಕೆ ಪಿಟ್‌ಫಾಲ್ ಅಂತಾರೆ. ಹಳದಿ ಬಟ್ಟಲಲ್ಲಿ ಸೋಪು ನೀರು ಇಟ್ರೆ ಹೂವು ಅಂದ್ಕೊಂಡು ಹಾರೋ ಹುಳ ಬೀಳುತ್ತೆ. ಟೆಂಟ್ ಥರದ ಮಲೇಸ್ ಬಲೆ ಇದೆ, ಹಾರಿ ಬಂದ ಹುಳ ಬಟ್ಟೆಗೆ ತಗುಲಿ ಮೇಲಕ್ಕೆ ಹತ್ತಿ ಬಾಟಲಿಗೆ ಸೇರುತ್ತೆ. ರಾತ್ರಿ ಬಿಳಿ ಪರದೆ ಕಟ್ಟಿ ಲೈಟ್ ಹಾಕೋದು ಇದೆ, ಅದಕ್ಕೆ ಅಮಾವಾಸ್ಯೆ ಹತ್ರದ ದಿನಗಳೇ ಒಳ್ಳೇದು, ಬೆಳದಿಂಗಳಲ್ಲಿ ಹುಳ ಕಮ್ಮಿ ಬರುತ್ತೆ. ಇದೆಲ್ಲಕ್ಕಿಂತ ಹಳೇದು, ಕಣ್ಣಿಟ್ಟು ನಡೆಯೋದು.

ಇಲ್ಲೇ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ಓದಿ. ಪಿಟ್‌ಫಾಲ್‌ಗೆ ಬೀಳೋದು ಹೆಚ್ಚಾಗಿ ಹೆಣ್ಣು, ಯಾಕಂದ್ರೆ ಓಡಾಡೋದು ಅದೇ. ಮಲೇಸ್ ಬಲೆಗೆ, ಲೈಟಿಗೆ ಬೀಳೋದು ಗಂಡು, ಯಾಕಂದ್ರೆ ಹಾರೋದು ಅದೇ. ಒಂದು ತಂಡ ಬರೀ ಲೋಟ ಹೂತಿಟ್ಟು ಬಂದ್ರೆ ಅವರ ಪಟ್ಟಿಯಲ್ಲಿ ಅರ್ಧ ಪ್ರಪಂಚ ಇರಲ್ಲ. ಇನ್ನೊಂದು ತಂಡ ಎರಡೂ ಇಟ್ಟು ಆಕಾರ ನೋಡಿ ಬೇರೆ ಬೇರೆ ಮಾಡಿ ಎಣಿಸಿದ್ರೆ ಒಂದೇ ಪ್ರಭೇದ ಎರಡು ಸಲ ಲೆಕ್ಕಕ್ಕೆ ಬರುತ್ತೆ, 5 ಇರೋ ಕಡೆ 10 ಅಂತ ಬರೀತಾರೆ. ಮೊದಲನೇದು ಕಮ್ಮಿ, ಎರಡನೇದು ಜಾಸ್ತಿ, ಎರಡೂ ತಪ್ಪು, ಆದ್ರೆ ರಿಪೋರ್ಟ್‌ನಲ್ಲಿ ಎರಡೂ ಅಂಕಿ ನೋಡೋಕೆ ಗಟ್ಟಿಯಾಗೇ ಕಾಣುತ್ತೆ. ಅಮೆರಿಕದ ಮರುಭೂಮಿಯಲ್ಲಿ ರಾತ್ರಿ ಓಡಾಡೋ ಮಸುಕು ಕಂದು ಬಣ್ಣದ ಪ್ರಭೇದಗಳಿವೆ, ಅವುಗಳ ಗಂಡು ಲೈಟಿಗೆ ರಾಶಿ ರಾಶಿ ಬರುತ್ತೆ, ಹೆಣ್ಣು ಸಿಗೋದೇ ಅಪರೂಪ, ಹಾಗಾಗಿ ಅಷ್ಟೊಂದು ಜನ ಅಷ್ಟೊಂದು ವರ್ಷ ಕೆಲಸ ಮಾಡಿದ ಜಾಗದಲ್ಲೂ ಬಹಳಷ್ಟು ಪ್ರಭೇದಗಳ ಹೆಣ್ಣು ಯಾವುದು ಅಂತ ಇನ್ನೂ ಜೋಡಿಸ್ತಾನೇ ಇದ್ದಾರೆ.

ಹೊತ್ತು ನೋಡೋದೂ ಮುಖ್ಯ. ನಮ್ಮ ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು, ನೆಲದ ಬಿಸಿ ಅದಕ್ಕಿಂತ ಬಹಳ ಜಾಸ್ತಿ, ನೆಲಕ್ಕೆ ಅಂಟ್ಕೊಂಡೇ ಓಡಾಡೋ ಹುಳ ಮಧ್ಯಾಹ್ನ ಹೊರಗೆ ಯಾಕೆ ಬರುತ್ತೆ? ನಾನು ನೋಡಿದ್ದೆಲ್ಲ ಬೆಳಿಗ್ಗೆ ಬಂಡೆ ಕಾಯೋ ಮುಂಚೆ, ಇಲ್ಲ ಸಂಜೆ ಕುರಿ ಹಿಂದಿರುಗೋ ಹೊತ್ತಲ್ಲಿ. ಬೆಂಗಳೂರಿಂದ ಕಾರಲ್ಲಿ ಹೊರಟು ಹನ್ನೊಂದು ಗಂಟೆಗೆ ಬಂದು ಎರಡು ತಾಸು ಸುತ್ತಿ ಏನೂ ಸಿಗ್ಲಿಲ್ಲ ಅಂತ ಬರೆದು ಹೋದ್ರೆ ಆ ಸೊನ್ನೆ ಹುಳದ್ದಲ್ಲ, ಹೊತ್ತಿನದು. ಇಲ್ಲ ಅನ್ನೋದು ಬೇರೆ, ಕಾಣ್ಲಿಲ್ಲ ಅನ್ನೋದು ಬೇರೆ, ಅದೇ ಜಾಗಕ್ಕೆ ಐದಾರು ಸಲ ಬೇರೆ ಬೇರೆ ಹೊತ್ತಲ್ಲಿ, ಬೇರೆ ಬೇರೆ ಮಳೆಯಲ್ಲಿ ಹೋಗದೇ ಇದ್ರೆ ಈ ಎರಡನ್ನೂ ಬೇರೆ ಮಾಡೋಕೆ ಆಗಲ್ಲ.

ಇದೆಲ್ಲ ಯಾಕೆ ಈಗ, ಇಷ್ಟು ಅವಸರ ಯಾಕೆ ಅಂತ ಕೇಳಬಹುದು. ಕಾರಣ ನೆಲ. ನಮ್ಮದು ಮರುಭೂಮಿ ಅಲ್ಲ, ಆದ್ರೆ ಕರ್ನಾಟಕದ ತೀರಾ ಒಣ ಸೀಮೆ, ಮಳೆ ನೆರಳಲ್ಲಿ ಕೂತಿರೋದು. ಟಿಬಿ (ತುಂಗಭದ್ರಾ) ಡ್ಯಾಂ ಎಡದಂಡೆ ಕಾಲುವೆ ಕಡೆ ಹೋದ್ರೆ ಗಂಗಾವತಿ, ಸಿಂಧನೂರು ಪೂರ್ತಿ ಭತ್ತ, ಅಲ್ಲಿ ತಿಂಗಳುಗಟ್ಟಲೆ ನೀರು ನಿಂತ ಗದ್ದೆಯೊಳಗೆ ನೆಲ ಅಗೆದು ಗೂಡು ಮಾಡೋ ಜೇನು ಬದುಕೋಕೆ ಆಗಲ್ಲ. ಉಳಿದಿರೋದು ಮಡ್ಡಿ, ಬೀಳು, ಗುಡ್ಡದ ಬುಡ. ಈ ನೆಲವನ್ನ ಪಹಣಿಯಲ್ಲಿ ಏನಂತ ಬರೀತಾರೆ? ಖರಾಬು. ನಿಜಾಮರ ಕಡೆ ಇದ್ದ ಕೊಪ್ಪಳ, ರಾಯಚೂರಲ್ಲಿ ಗಾಯರಾಣ ಅಂತಾರೆ, ಮದ್ರಾಸ್ ಕಡೆ ಇದ್ದ ಬಳ್ಳಾರಿಯಲ್ಲಿ ಪರಂಪೋಕ ಅಂತಾರೆ. ಕೇಂದ್ರ ಸರ್ಕಾರ 2000ದಿಂದ ಪಾಳು ಭೂಮಿಯ ನಕ್ಷೆ ಪುಸ್ತಕ ತರ್ತಾ ಇದೆ, ಕುರುಚಲು ಕಂಟಿ ಇರೋ ನೆಲವೆಲ್ಲ ಅದರಲ್ಲಿ ಪಾಳು. ಕಂದಾಯ ಬರಲ್ಲ ಅನ್ನೋ ಅರ್ಥದಲ್ಲಿ ಶುರುವಾದ ಪದ ಈಗ ಅಲ್ಲಿ ಏನೂ ಇಲ್ಲ ಅನ್ನೋ ಅರ್ಥಕ್ಕೆ ಬಂದು ನಿಂತಿದೆ.

ಏನೂ ಇಲ್ಲ ಅಂದ ಮೇಲೆ ಏನು ಬೇಕಾದ್ರೂ ತರಬಹುದು. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಫ್ಯಾನ್ ಎಷ್ಟು ಎದ್ದಿವೆ ಅಂತ ಬಸ್ಸಲ್ಲಿ ಓಡಾಡೋರಿಗೆಲ್ಲ ಗೊತ್ತು, ಸೋಲಾರ್ ಪ್ಲೇಟ್ ಹಾಸಿರೋ ಹೊಲಗಳೂ ಹೆಚ್ಚಾಗ್ತಿವೆ. ನಾನು ಸೋಲಾರ್‌ಗೆ ವಿರೋಧಿ ಅಲ್ಲ, ಕರೆಂಟ್ ಬೇಕು, ಕಲ್ಲಿದ್ದಲು ಸುಡೋದು ಕಮ್ಮಿ ಆಗ್ಲೇಬೇಕು. ಆದ್ರೆ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಲ್ಲಿ ಸೋಲಾರ್ ಪ್ಲೇಟಿನ ಯೋಜನೆಯಾಗ್ಲಿ ಗಾಳಿ ವಿದ್ಯುತ್ತಾಗ್ಲಿ ಪಟ್ಟಿಯಲ್ಲೇ ಇಲ್ಲ, ಅಂದ್ರೆ ಕೇಂದ್ರದ ಆ ಕಾನೂನಿನ ಕೆಳಗೆ ಶುರು ಮಾಡೋ ಮುಂಚೆ ಅಲ್ಲಿ ಏನಿದೆ ಅಂತ ನೋಡ್ಲೇಬೇಕು ಅನ್ನೋ ಕಟ್ಟುಪಾಡು ಇಲ್ಲ. ಗಣಿಗೆ, ಕಾರ್ಖಾನೆಗೆ ಅಧ್ಯಯನ ಬೇಕು, ಆದ್ರೆ ನಾನು ಓದಿದ ಒಂದಷ್ಟು ವರದಿಗಳಲ್ಲಿ ಮರ, ಹಕ್ಕಿ, ಪ್ರಾಣಿ, ಹೆಚ್ಚಂದ್ರೆ ಚಿಟ್ಟೆ, ಅಲ್ಲಿಗೆ ಮುಗೀತು. ನೆಲದೊಳಗೆ ಬದುಕೋ ಹುಳಕ್ಕೆ ಒಂದು ಸಾಲೂ ಇಲ್ಲ.

ದೊಡ್ಡ ಪ್ರಾಣಿಗಳ ಕಡೆಯಿಂದ ಸ್ವಲ್ಪ ಒಳ್ಳೆ ಸುದ್ದಿ ಬಂದಿದೆ ನಿಜ. ಸಂಡೂರು, ಹೊಸಪೇಟೆ ನಡುವಿನ ದರೋಜಿಯಲ್ಲಿ 1994ರಲ್ಲಿ ಕರಡಿ ಧಾಮ ಆಯ್ತು, ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆ ಅಂತಲೇ ಧಾಮ ಆಯ್ತು, ಸಿರುಗುಪ್ಪ ಕಡೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನೋ ದೊಡ್ಡ ಹಕ್ಕಿ ಅಳಿದುಳಿದಿರೋದಕ್ಕೆ ಆ ಹುಲ್ಲುಗಾವಲಿನ ಬಗ್ಗೆ ಮಾತಾದ್ರೂ ಆಗ್ತಿದೆ. ಕರಡಿ ಇಲ್ಲದ, ತೋಳ ಇಲ್ಲದ, ಊರ ಪಕ್ಕದ ಇಪ್ಪತ್ತು ಎಕರೆ ಮಡ್ಡಿಗೆ ಯಾರು ಮಾತಾಡ್ತಾರೆ? ಅಲ್ಲಿ ಈ ಹುಳ ಕೆಲಸಕ್ಕೆ ಬರುತ್ತೆ ಅಂತ ನನ್ನ ನಂಬಿಕೆ. ವೆಲ್ವೆಟ್ ಇರುವೆ ತಾನೇ ಗೂಡು ಮಾಡಲ್ಲ, ಬೇರೆಯವರ ಗೂಡಿನ ಮೇಲೆ ಬದುಕೋದು. ಹೀಗೆ ಬದುಕೋ ಹುಳ ಸಾಮಾನ್ಯವಾಗಿ ತನ್ನ ಆಸರೆ ಹುಳಕ್ಕಿಂತ ಕಮ್ಮಿ ಇರುತ್ತೆ. ಒಂದು ಹೆಣ್ಣು ಒಂದು ದಂಡೆಯಲ್ಲಿ ಬಿಲದಿಂದ ಬಿಲಕ್ಕೆ ತಲೆ ಹಾಕ್ತಾ ಇದೆ ಅಂದ್ರೆ ಆ ದಂಡೆಯಲ್ಲಿ ತಲೆ ಹಾಕೋದಕ್ಕೆ ಸಾಕಷ್ಟು ಮನೆಗಳಿವೆ ಅಂತ ಅರ್ಥ. ನೆಲದ ಕೆಳಗಿನ ಊರನ್ನ ಅಗೆಯದೇ ನೋಡೋಕೆ ಅದೊಂದು ಕಿಟಕಿ.

ಆ ಮನೆಗಳು ಯಾರದು ಅಂದ್ರೆ ರೈತರಿಗೆ ಬೇಕಾದವರದೇ. ನೀಲಿ ಪಟ್ಟಿಯ ಒಂದು ಜೇನು ಇದೆ, ಮಣ್ಣಿನ ಗೋಡೆಯಲ್ಲಿ, ದಂಡೆಯಲ್ಲಿ ತೂತು ಮಾಡುತ್ತೆ, ಹೂವನ್ನ ಹಿಡಿದು ಗುಂಯ್ ಅಂತ ಮೈ ಅದುರಿಸಿ ಪರಾಗ ಉದುರಿಸುತ್ತೆ, ಟೊಮ್ಯಾಟೊ, ಬದನೆಗೆ ಆ ಥರದ ಜೇನೇ ಒಳ್ಳೇದು, ಪೆಟ್ಟಿಗೆ ಜೇನಿಗೆ ಅದು ಬರಲ್ಲ. ತೊಗರಿ ಹೂವಿಗೆ ಬರೋದ್ರಲ್ಲಿ ಎಲೆ ಕತ್ತರಿಸೋ ಒಂಟಿ ಜೇನುಗಳೇ ಮುಖ್ಯ. ಇವ್ಯಾವಕ್ಕೂ ಪೆಟ್ಟಿಗೆ ಇಟ್ಟು ಸಾಕೋರಿಲ್ಲ, ಇವು ಉಳಿಯೋದು ಉಳುಮೆ ಆಗದ ಬದುವಿನಲ್ಲಿ, ಒಡ್ಡಿನಲ್ಲಿ, ಖರಾಬಿನಲ್ಲಿ, ಹಳೇ ಮಣ್ಣಿನ ಗೋಡೆಯಲ್ಲಿ. ವೆಲ್ವೆಟ್ ಇರುವೆ ಇಂಥ ಜೇನಿನ ಮರಿ ತಿನ್ನುತ್ತಲ್ಲ, ಹಾಗಾದ್ರೆ ಅದು ಶತ್ರು ಅಲ್ವಾ ಅಂತ ಒಬ್ಬ ರೈತರು ನನ್ನನ್ನ ಕೇಳಿದ್ರು, ನ್ಯಾಯವಾದ ಪ್ರಶ್ನೆ. ಜೇನು ಮುಗಿದು ಹೋದ್ರೆ ಇದೂ ಮುಗಿಯುತ್ತೆ, ಅದು ಮೊದಲು ಇದು ಆಮೇಲೆ ಅಂತ ಹೇಳೋಕೂ ಆಗಲ್ಲ, ಎಷ್ಟೋ ಸಲ ಕಮ್ಮಿ ಸಂಖ್ಯೆಯಲ್ಲಿರೋ ಇದೇ ಮೊದಲು ಕಾಣೆಯಾಗುತ್ತೆ. ಅದಕ್ಕೇ ಇದನ್ನ ಶತ್ರು ಅನ್ನೋದಕ್ಕಿಂತ ಸಾಕ್ಷಿ ಅಂತ ನೋಡೋದು ಸರಿ ಅಂತ ಅವರಿಗೆ ಹೇಳಿದೆ.

ನಾವು ಮಾಡಬಹುದಾದ್ದು ದೊಡ್ಡದೇನಲ್ಲ. ರಾಯಚೂರಲ್ಲಿ ಕೃಷಿ ವಿವಿ ಇದೆ, ಬೆಂಗಳೂರಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, 1916ರಲ್ಲಿ ಶುರುವಾದ ಝೂಲಾಜಿಕಲ್ ಸರ್ವೇ ಇದೆ, ಹೆಸರು ಹಿಡಿಯೋ ಕೆಲಸ ಅಂಥ ಕಡೆಯ ತಜ್ಞರದ್ದು. ನಮ್ಮ ಪಾಲಿನದು ಅವರಿಗೆ ಸಿಗದೇ ಇರೋದನ್ನ ಕೊಡೋದು, ಅಂದ್ರೆ ಒಂದೇ ಜಾಗವನ್ನ ವರ್ಷವಿಡೀ ನೋಡೋ ಕಣ್ಣು. ಒಂದು ಮಡ್ಡಿ ಆರಿಸ್ಕೊಳ್ಳಿ, ಅದರಲ್ಲಿ ಒಂದು ದಾರಿ ಗೊತ್ತು ಮಾಡ್ಕೊಳ್ಳಿ, ಹದಿನೈದು ದಿನಕ್ಕೊಂದು ಸಲ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಅದೇ ದಾರಿಯಲ್ಲಿ ನಡೀರಿ, ಕಂಡಿದ್ದೂ ಬರೀರಿ, ಕಾಣದ ದಿನ ಸೊನ್ನೆ ಅಂತಲೂ ಬರೀರಿ, ಸೊನ್ನೆ ಬರೆಯೋಕೆ ಬೇಜಾರಾಗುತ್ತೆ ಗೊತ್ತು, ಆದ್ರೆ ಅದಿಲ್ಲದೆ ಲೆಕ್ಕ ಕೂಡಲ್ಲ. ಕೈಯಲ್ಲಿ ಹಿಡೀಬೇಡಿ, ಅಗಲ ಬಾಯಿಯ ಬಾಟಲಿ ಅಡ್ಡ ಇಟ್ರೆ ತಾನೇ ನುಗ್ಗುತ್ತೆ, ಒಳಗೆ ಬಂದ ಮೇಲೆ ಕಿರ್ ಕಿರ್ ಅಂತ ಸದ್ದು ಮಾಡೋದೂ ಕೇಳಿಸುತ್ತೆ. ಕೆಳಗೆ ಗ್ರಾಫ್ ಹಾಳೆ ಇಟ್ಟು ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ್ದು ಒಂದು ಫೋಟೋ ತೆಗೆದು ಅಲ್ಲೇ ಬಿಟ್ಬಿಡಿ. ಬರೀ ಮೇಲಿಂದ ತೆಗೆದ ಫೋಟೋದಲ್ಲಿ ಚುಕ್ಕಿ ಮಾತ್ರ ಕಾಣುತ್ತೆ, ಚುಕ್ಕಿ ನಂಬೋ ಹಾಗಿಲ್ಲ ಅಂತ ಆಗ್ಲೇ ಹೇಳಿದೀನಲ್ಲ. ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ, ಜೀವಿಗಳ ಫೋಟೋ ಹಾಕೋ ವೆಬ್‌ಸೈಟ್‌ಗಳಿವು, ಹಾಕುವಾಗ ನೆಲ ಎಂಥದ್ದು, ಗರಸಾ, ಮಸಾರಿಯಾ, ಎರೆಯಾ, ಹತ್ರ ಬಿಲ ಇತ್ತಾ, ಯಾವ ಮಳೆ ನಡೀತಿತ್ತು ಅಂತ ಎರಡು ಸಾಲು ಸೇರಿಸಿ. ಕಾಯ್ದಿಟ್ಟ ಅರಣ್ಯ, ಧಾಮದ ಒಳಗೆ ಅನುಮತಿ ಇಲ್ಲದೆ ಏನನ್ನೂ ಹಿಡಿಯೋ ಹಾಗಿಲ್ಲ, ಅದು ಕಾನೂನು.

ಮತ್ತೆ ಒಂದು ಮಾತು, ಕುರಿ ಕಾಯೋರನ್ನ ಕೇಳಿ. ನಾನು ಎರಡನೇ ಸಲ ಆ ಮಡ್ಡಿಗೆ ಹೋದಾಗ ಲೋಟ, ಬಟ್ಟಲು ಎಲ್ಲ ತಗೊಂಡು ಹೋಗಿದ್ದೆ, ಎಲ್ಲಿಡ್ಬೇಕು ಅಂತ ಗೊತ್ತಾಗದೆ ನಿಂತಿದ್ದಾಗ ಅದೇ ಅಜ್ಜ ಬಂದು, "ಇಲ್ಲಿ ಯಾಕ ನಿಂತಿ, ಆ ಕಡೀ ದಂಡ್ಯಾಗ ಸಣ್ಣ ಹುಳ ಮಣ್ಣು ಕೆದರಿ ತೂತು ಮಾಡ್ತಾವು ನೋಡು, ನೀ ಹುಡುಕೂದು ಅಲ್ಲೇ ತಿರಗ್ಯಾಡತೈತಿ," ಅಂತ ಕೋಲಲ್ಲಿ ತೋರಿಸಿದ್ರು. ಹೋಗಿ ನೋಡಿದ್ರೆ ಅಂಗೈಯಗಲ ಜಾಗದಲ್ಲಿ ಹತ್ತಾರು ತೂತು, ಬಾಯಲ್ಲಿ ಹಸಿ ಮಣ್ಣು. ಯಜ್ಜಾ, ನಿಮಗ ಹೆಂಗ ಗೊತ್ತು ಅಂದೆ. "ಕುರಿ ಅಲ್ಲಿ ಮಲಗೂದಿಲ್ಲ ತಮ್ಮಾ, ಕಡಸ್ಕೊಂಡು ಎದ್ದು ಓಡ್ತಾವು, ಅದಕ್ಕ ನ್ವಾಡಿಟ್ಟೀನಿ." ಆ ದಂಡೆಯ ಎದುರು ನಾನೀಗ ಪ್ರತಿ ಹದಿನೈದು ದಿನಕ್ಕೊಮ್ಮೆ ಕೂರ್ತೀನಿ. ನೋಟ್‌ಬುಕ್‌ನಲ್ಲಿ ಸೊನ್ನೆಗಳೇ ಜಾಸ್ತಿ ಇವೆ, ಹೆಣ್ಣು ಕೆಲವು ಸಲ ಕಂಡಿದೆ, ಅದರ ಗಂಡು ಯಾವುದು ಅಂತ ಇನ್ನೂ ಸಿಕ್ಕಿಲ್ಲ. ಈ ಮಿರಗಕ್ಕೆ ತಂಗಡಿ ಹೂವಿನ ಪಕ್ಕ ಒಂದು ಹಳದಿ ಬಟ್ಟಲು ಜಾಸ್ತಿ ಇಡ್ತೀನಿ.